ಮೇಲಿನ ಮನೆ ಬಾಡಿಗೆಗಿದೆ

ರಾತ್ರಿ ಹನ್ನೊಂದು ಗಂಟೆ. ಬಾಲ್ಕನಿಯಲ್ಲಿ ನಿಂತರೆ ಹಾಯೆನಿಸುವ ಗಾಳಿ. ಒಳಗೆ ಬಂದು ಮಂಚ ಹತ್ತಿ ಸೀಲಿಂಗ್ ಮುಟ್ಟಿದರೆ, ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿದೆ! ಬನಶಂಕರಿಯಲ್ಲಿ 30x40 ಸೈಟಿನ ಮೂರನೇ ಮಹಡಿ ನಮ್ಮದು. ಮನೆ ತೋರಿಸುವಾಗ ಓನರ್ ಹೇಳಿದ್ದು "ಗಾಳಿ ಬೆಳಕು ಚೆನ್ನಾಗಿದೆ ಸಾರ್" ಅಂತ. ಸುಳ್ಳೇನಲ್ಲ ಬಿಡಿ.

ತಾರಸಿಯ ಐದು ಇಂಚಿನ ಕಾಂಕ್ರೀಟ್ ಮೋಲ್ಡ್ ಮಧ್ಯಾಹ್ನವೆಲ್ಲ ಬಿಸಿಲು ಕುಡಿದು, ಅದನ್ನು ನಿಧಾನಕ್ಕೆ ಕೆಳಗೆ ದಾಟಿಸುತ್ತದೆ. ಸರಿಯಾಗಿ ನಾವು ಮಲಗುವ ಹೊತ್ತಿಗೆ ನಮ್ಮ ತಲೆಯ ಮೇಲೆ ಇಳಿಯುತ್ತದೆ. ಕಾಂಕ್ರೀಟು ಥರ್ಮಾಕೋಲಿಗಿಂತ ಸುಮಾರು 45 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಅಂದರೆ ಎರಡು ಇಂಚು ಥರ್ಮಾಕೋಲ್ ಮಾಡುವ ಕೆಲಸವನ್ನು ಬರೀ ಕಾಂಕ್ರೀಟಿನಿಂದ ಮಾಡಿಸಬೇಕಾದರೆ ಏಳೂವರೆ ಅಡಿ ದಪ್ಪದ ಮೋಲ್ಡ್ ಬೇಕು. ಯಾವ ಮೇಸ್ತ್ರಿ ಹಾಕ್ತಾನೆ?

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 10x12 ರೂಮು, ತಾರಸಿ ಮೇಲೆ 55 ಡಿಗ್ರಿ, ಒಳಗೆ 26 ಇಟ್ಟುಕೊಂಡರೆ ಹೆಚ್ಚುಕಡಿಮೆ ಸಾವಿರ ವ್ಯಾಟ್ ಶಾಖ ಒಳಗಿಳಿಯುತ್ತೆ. ಇಸ್ತ್ರಿ ಪೆಟ್ಟಿಗೆಯೊಂದನ್ನು ಸೀಲಿಂಗಿಗೆ ತಗುಲಿಹಾಕಿ ಆನ್ ಮಾಡಿಟ್ಟಂತೆ. ಒಂದು ಟನ್ ಏಸಿ ಹೊರಹಾಕುವುದೇ 3,500 ವ್ಯಾಟ್. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮೋಲ್ಡಿನ ಬಿಸಿ ಎತ್ತುವುದಕ್ಕೇ ಹೋಯಿತು. ನಾವು ತಂಪು ಮಾಡ್ತಿರೋದು ನಮ್ಮನ್ನಲ್ಲ, ಓನರ್ ತಾರಸಿಯನ್ನ. ಜೊತೆಗೆ ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಏಪ್ರಿಲಲ್ಲಿ ದಾಟಿತು.

ಚಳಿ ದೇಶಗಳಲ್ಲಿ ಇದೇ ಲೆಕ್ಕ ತಿರುಗುಮುರುಗು: ದುಡ್ಡು ಕೊಟ್ಟು ಹುಟ್ಟಿಸಿದ ಬಿಸಿ ಗೋಡೆ ದಾಟಿ ಓಡಿಹೋಗುತ್ತೆ. ಅಲ್ಲಿನವರು ಅದಕ್ಕೇ ಗೋಡೆಯೊಳಗೆ ಉಣ್ಣೆಯಂಥದ್ದನ್ನು ತುಂಬಿಸ್ತಾರೆ. ನಾವು ಆರಿಂಚು ಸಾಲಿಡ್ ಬ್ಲಾಕ್ ಕಟ್ಟಿ, ಪ್ಲಾಸ್ಟರ್ ಬಳಿದು, ಮುಗೀತು ಅಂತೀವಿ.

ನಿಯಮ ಇಲ್ಲ ಅಂತಲ್ಲ. ಮನೆಗಳಲ್ಲಿ ಕರೆಂಟ್ ಉಳಿಸೋಕೆ ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ತಾರಸಿಯಿಂದ ಎಷ್ಟು ಶಾಖ ಇಳಿಯಬಹುದು ಅನ್ನೋದಕ್ಕೆ ಮಿತಿ ಹಾಕಿತು. ನಮ್ಮಂಥ ಬೋಳು ಮೋಲ್ಡು ಅದರ ಎರಡು ಪಟ್ಟಿಗೂ ಹೆಚ್ಚು ಬಿಡುತ್ತೆ. ಆದರೆ ಅದು ಬಂದಿದ್ದು 500 ಚದರ ಮೀಟರ್ ಮೇಲ್ಪಟ್ಟ ಸೈಟುಗಳಿಗೆ. 30x40 ಅಂದರೆ 111. ಬೆಂಗಳೂರಿನ ಬಾಡಿಗೆ ಮನೆಗಳೆಲ್ಲ ಇರೋದು ಎಲ್ಲಿ ಹೇಳಿ? ಕಟ್ಟುವಾಗ ಉಳಿಸಿದವರು ಒಬ್ಬರು, ತಿಂಗಳು ತಿಂಗಳು ತೆರುವವರು ಇನ್ನೊಬ್ಬರು.

ತಾರಸಿಗೆ ಸುಣ್ಣ ಬಳಿಸಿ, ಬಿಸಿಲನ್ನಾದರೂ ವಾಪಸ್ ಕಳಿಸುತ್ತೆ ಅಂತ ಓನರನ್ನ ಕೇಳಿದೆ. ಅವರಿರೋದು ಗ್ರೌಂಡ್ ಫ್ಲೋರಲ್ಲಿ, ಫ್ಯಾನು ಎರಡರಲ್ಲೇ ಇರುತ್ತೆ. ಸಮಾಧಾನವಾಗಿ ಹೇಳಿದರು: "ಯೋಚನೆ ಮಾಡ್ಬೇಡಿ ಸಾರ್, ಮುಂದಿನ ವರ್ಷ ಮೇಲೆ ಇನ್ನೊಂದು ಫ್ಲೋರ್ ಎಬ್ಬಿಸ್ತೀನಿ. ಆಮೇಲೆ ನಿಮಗೆ ಬಿಸೀನೇ ಇರಲ್ಲ."