ಅಪ್ಪನ ರಾಗಿ ಬಿಸ್ಕತ್ತು

ನಮ್ಮಪ್ಪನಿಗೆ ಶುಗರ್ ಬಂದು ಹನ್ನೊಂದು ವರ್ಷ ಆಯಿತು. ತಿಪಟೂರಿನ ನಮ್ಮ ಮನೆಗೆ ನೆಂಟರು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಮೊದಲೆಲ್ಲ ಬಾಳೆಹಣ್ಣು, ಬ್ರೆಡ್ಡು ತರುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ರಾಗಿ ಬಿಸ್ಕತ್ತು. "ಶುಗರ್‌ನವರು ತಿನ್ನಬಹುದು, ರಾಗಿದು" ಅಂತ ಹೇಳಿ ಅಮ್ಮನ ಕೈಗೆ ಕೊಟ್ಟು ಹೋಗುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ.

ಅಪ್ಪ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ತಿನ್ನುತ್ತಿದ್ದರು. ಸಕ್ಕರೆ ಹಾಕದ ಟೀ ಜೊತೆ. ಟೀಗೆ ಅರ್ಧ ಚಮಚ ಸಕ್ಕರೆ ಬಿದ್ದರೂ ಲೋಟ ವಾಪಸ್ ಕಳಿಸುವ ಮನುಷ್ಯ ಅವರು. ಅಷ್ಟು ಪಥ್ಯ. ಆದರೂ ಮೂರು ತಿಂಗಳ ರಿಪೋರ್ಟು ಬಂದಾಗಲೆಲ್ಲ ಸಪ್ಪೆ ಮೋರೆ ಹಾಕಿಕೊಂಡು ಕೂರುತ್ತಿದ್ದರು. "ನಾನೇನು ತಿಂತೀನಿ ಹೇಳಮ್ಮಾ" ಅಂತ ನನ್ನನ್ನೇ ಕೇಳುತ್ತಿದ್ದರು.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಸುಮ್ನೆ ಆ ಪ್ಯಾಕೆಟ್ ತಿರುಗಿಸಿದೆ. ಮುಂದೆ ರಾಗಿ ತೆನೆಯ ಚಿತ್ರ, ಹಸಿರು ಎಲೆ, ನಗುವ ಕುಟುಂಬ. ಹಿಂದೆ ಅಂಟಿಸಿದ ಮಡಿಕೆಯ ಕೆಳಗೆ ಅರ್ಧ ಮುಚ್ಚಿಹೋದ ಸಾಲುಗಳು. ಮಡಿಕೆ ಬಿಡಿಸಿ, ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಮೊದಲ ಹೆಸರು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ತಾಳೆ ಎಣ್ಣೆ. ನಾಲ್ಕನೆಯ ಜಾಗದಲ್ಲಿ ರಾಗಿ, ಶೇಕಡಾ 9.

ಅದರ ಕೆಳಗಿನ ಪಟ್ಟಿಯಲ್ಲಿ, 100 ಗ್ರಾಂ ಬಿಸ್ಕತ್ತಿನಲ್ಲಿ ಸಕ್ಕರೆ 25 ಗ್ರಾಂ. ಒಂದು ಬಿಸ್ಕತ್ತು 8 ಗ್ರಾಂ ಇತ್ತು. ಎಂಟು ಬಿಸ್ಕತ್ತು ಅಂದರೆ 64 ಗ್ರಾಂ, ಅದರಲ್ಲಿ 16 ಗ್ರಾಂ ಸಕ್ಕರೆ. ಮೂರು ಟೀ ಚಮಚಕ್ಕಿಂತ ಜಾಸ್ತಿ. ಮೈದಾ ಬೇರೆ. ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದ ಮನುಷ್ಯ, ರಾಗಿಯ ಮೇಲಿನ ನಂಬಿಕೆಯಿಂದಲೇ ದಿನಾ ಇಷ್ಟು ತಿನ್ನುತ್ತಿದ್ದರು. ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು.

ಕಂಪನಿ ಸುಳ್ಳು ಬರೆದಿರಲಿಲ್ಲ. ಎಲ್ಲವೂ ಪ್ಯಾಕೆಟ್ ಮೇಲೇ ಇತ್ತು. ನಮ್ಮ ದೇಶದ ನಿಯಮವೇ ಹಾಗಿದೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು, ಕಡಿಮೆ ಇರುವುದು ಕೊನೆಗೆ. ರಾಗಿ, ಬಾದಾಮಿ, ಜೇನು ಅಂತ ಮುಂದೆ ದೊಡ್ಡದಾಗಿ ಹೆಸರನ್ನೋ ಚಿತ್ರವನ್ನೋ ಹಾಕಿದರೆ, ಅದು ಶೇಕಡಾ ಎಷ್ಟಿದೆ ಎಂದೂ ಬರೆಯಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ ಇದೆಲ್ಲ ಇದೆ. ಹಾಗಾಗಿ ಅಂಗಡಿಯಲ್ಲಿ ಎರಡು ನಿಮಿಷ ಇಲ್ಲದಿದ್ದರೆ ಮೊದಲ ಮೂರು ಹೆಸರು ಮಾತ್ರ ಓದಿ. ನೀವು ತಿನ್ನುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಸಕ್ಕರೆ ಮಾತ್ರ ಒಂದೇ ಹೆಸರಲ್ಲಿ ಬರುವುದಿಲ್ಲ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್ಟ್ರೋಸ್, ಬೆಲ್ಲ, ಜೇನು ಹೀಗೆ ನಾಲ್ಕೈದು ಕಡೆ ಹಂಚಿಹೋದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಕೂಡಿಸಿ ನೋಡಿದರೆ ಮೊದಲ ಜಾಗಕ್ಕೇ ಬರಬಹುದು. ಮಾಲ್ಟೋಡೆಕ್ಸ್ಟ್ರಿನ್ ಅಂತ ಇನ್ನೊಂದಿದೆ, ಪಿಷ್ಟದಿಂದ ಮಾಡುವ ಪುಡಿ. ಅದನ್ನು ಸಕ್ಕರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ರಕ್ತದಲ್ಲಿ ಗ್ಲೂಕೋಸ್ ಏರಿಸುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. "ಸಕ್ಕರೆ ಸೇರಿಸಿಲ್ಲ" ಅಂದ ಮಾತ್ರಕ್ಕೆ ಶುಗರ್‌ನವರು ಎಷ್ಟಾದರೂ ತಿನ್ನಬಹುದು ಅಂತ ಅಲ್ಲ, ದಯವಿಟ್ಟು ಇದನ್ನು ಮನೆಯ ಹಿರಿಯರಿಗೆ ಹೇಳಿ.

ಇನ್ನು ಉಪ್ಪು. ಅಮ್ಮನಿಗೆ ಬಿಪಿ ಇದೆ. ಲೇಬಲ್‌ನ ಪೋಷಕಾಂಶಗಳ ಪಟ್ಟಿಯಲ್ಲಿ ಉಪ್ಪು ಅಂತ ಇರುವುದಿಲ್ಲ, ಸೋಡಿಯಂ ಅಂತ ಇರುತ್ತದೆ, ಅದೂ ಮಿಲಿಗ್ರಾಂನಲ್ಲಿ. ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಅಷ್ಟೇ ಮಿತಿ. ನಮ್ಮ ಮನೆಯ ಉಪ್ಪಿನಕಾಯಿ ಬಾಟಲಿಯಲ್ಲಿ 100 ಗ್ರಾಂಗೆ 5000 ಮಿಲಿಗ್ರಾಂ ಹತ್ತಿರ ಇತ್ತು. ಹತ್ತು ಗ್ರಾಂ ಉಪ್ಪಿನಕಾಯಿ ಬಡಿಸಿಕೊಂಡರೆ ಇಡೀ ದಿನದ ಕಾಲು ಭಾಗ ಉಪ್ಪು ಅಲ್ಲೇ ಮುಗಿಯಿತು. ಹಪ್ಪಳ, ಸಾರಿನ ಉಪ್ಪು, ಸಂಜೆಯ ಖಾರ ಇನ್ನೂ ಬಾಕಿ. ಅಮ್ಮ ಮಾತ್ರ ಸಾರಿಗೆ ಉಪ್ಪು ಕಡಿಮೆ ಹಾಕಿ ತೃಪ್ತಿಪಟ್ಟುಕೊಳ್ಳುತ್ತಿದ್ದರು.

ನನಗೆ ತುಂಬಾ ಸಿಟ್ಟು ಬರುವುದು "ಒಂದು ಸರ್ವಿಂಗ್‌ಗೆ", ಅಂದರೆ ಒಂದು ಸಲ ತಿನ್ನುವ ಅಳತೆಗೆ, ಅನ್ನುವ ಕಾಲಂ ನೋಡಿದಾಗ. ಚಿಪ್ಸ್ ಪ್ಯಾಕೆಟ್ ಒಡೆದು 20 ಗ್ರಾಂ ತೂಗಿ ತಿಂದು, ಮಿಕ್ಕಿದ್ದನ್ನು ಎತ್ತಿಡುವ ಮಗುವನ್ನು ನೀವು ಕಂಡಿದ್ದೀರಾ? ಅಳತೆ ಚಿಕ್ಕದು ಮಾಡಿದರೆ ಅದು ದಿನದ ಅಗತ್ಯದಲ್ಲಿ ಎಷ್ಟು ಭಾಗ ಅಂತ ಪಕ್ಕದಲ್ಲಿ ಬರೆಯುವ ಶೇಕಡಾ ಕೂಡ ಚಿಕ್ಕದಾಗಿ ಕಾಣುತ್ತದೆ. ಆ ಶೇಕಡಾ ಲೆಕ್ಕವೂ ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ದೊಡ್ಡವರದ್ದು. ಐದು ವರ್ಷದ ಮಗುವಿಗೆ ಅದು ಹೊಂದುವುದಿಲ್ಲ. ಆದ್ದರಿಂದ ನಾನು 100 ಗ್ರಾಂ ಕಾಲಂ ಬಿಟ್ಟು ಬೇರೆ ನೋಡುವುದಿಲ್ಲ. ಎರಡು ಪ್ಯಾಕೆಟ್ ಪಕ್ಕಪಕ್ಕ ಹಿಡಿದು ಹೋಲಿಸಲು ಅದೊಂದೇ ಸರಿಯಾದ ದಾರಿ.

ಹಾಗಂತ ಎಲ್ಲದಕ್ಕೂ ಹೆದರಬೇಕಾಗಿಲ್ಲ. ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಡುವ ಐಎನ್‌ಎಸ್ ಅನ್ನುವ ನಂಬರ್ ಇದ್ದರೆ ವಿಷ ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. 330 ಅಂದರೆ ಸಿಟ್ರಿಕ್ ಆಸಿಡ್, ನಿಂಬೆಹಣ್ಣಿನಲ್ಲಿರುವ ಹುಳಿ. 500 ಅಂದರೆ ಅಡುಗೆ ಸೋಡಾದ ಜಾತಿಯದ್ದು. 300 ವಿಟಮಿನ್ ಸಿ. ನಂಬರ್ ನೋಡಿ ಗಾಬರಿಯಾಗುವ ನಾವು, ಅದೇ ಪಟ್ಟಿಯ ಎರಡನೇ ಜಾಗದಲ್ಲಿ ಕೂತ ಸಕ್ಕರೆಯನ್ನು ದಾಟಿ ಮುಂದೆ ಹೋಗುತ್ತೇವೆ ಅಲ್ವಾ?

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ನಾನು ಓದಿದೆ, ಸರಿ. ನನಗೆ ಇಂಗ್ಲಿಷ್ ಬರುತ್ತದೆ, ಕೈಯಲ್ಲಿ ಫೋನ್ ಇದೆ. ಆ ಮನೆಯಲ್ಲಿ ಸಾಮಾನು ತರುವುದು, ಅಡುಗೆ ಮಾಡುವುದು, ಅಪ್ಪನಿಗೆ ಬಿಸ್ಕತ್ತು ಎತ್ತಿಕೊಡುವುದು ಅಮ್ಮ. ಅಮ್ಮ ಏಳನೇ ಕ್ಲಾಸು, ಕನ್ನಡ ಮೀಡಿಯಂ. ದಿನಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಆದರೆ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಅನ್ನುತ್ತದೆ ನಿಯಮ. ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು, ಕಡ್ಡಾಯ ಇಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ, ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು ಆದೇಶ ಮಾಡಿತು. ತುಂಬಾ ಸಂತೋಷ. ಆದರೆ ಹೆಸರಿಗಿಂತ ಅಮ್ಮನಿಗೆ ಬೇಕಾಗಿರುವುದು ಒಳಗೆ ಏನಿದೆ ಅನ್ನುವುದು.

ಅಮ್ಮ ಯಾವುದೇ ಪ್ಯಾಕೆಟ್ ತೆಗೆದುಕೊಂಡರೂ ಒಂದನ್ನು ಮಾತ್ರ ತಪ್ಪದೆ ನೋಡುತ್ತಾರೆ. ಹಸಿರು ಚುಕ್ಕಿ. ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಇದನ್ನು ಅವರಿಗೆ ಯಾರೂ ಪಾಠ ಮಾಡಲಿಲ್ಲ. ನಂದಿನಿ ಹಾಲಿನಲ್ಲೂ ಹಾಗೆಯೇ. ನೀಲಿ ಪ್ಯಾಕೆಟ್ ತೆಳು, ಕೇಸರಿ ಶುಭಂ ಗಟ್ಟಿ ಅಂತ ಊರಿಗೆಲ್ಲ ಗೊತ್ತು. ನೀಲಿಯಲ್ಲಿ ಕೊಬ್ಬು ಶೇಕಡಾ 3, ಶುಭಂನಲ್ಲಿ 4.5 ಅಂತ ಓದದವರೂ ಬಣ್ಣ ನೋಡಿ ಸರಿಯಾದದ್ದನ್ನೇ ತರುತ್ತಾರೆ. ಅಂದ ಮೇಲೆ ಸಕ್ಕರೆ ಜಾಸ್ತಿ, ಉಪ್ಪು ಜಾಸ್ತಿ, ಕೊಬ್ಬು ಜಾಸ್ತಿ ಅನ್ನುವುದಕ್ಕೂ ಮುಂದಿನ ಬದಿಯಲ್ಲೇ ಒಂದು ಗುರುತು ಯಾಕೆ ಇರಬಾರದು?

ಚಿಲಿ ದೇಶದಲ್ಲಿ ಅದನ್ನು 2016ರಲ್ಲೇ ಮಾಡಿದರು. ಸಕ್ಕರೆ ಮಿತಿ ಮೀರಿದರೆ ಪ್ಯಾಕೆಟ್ ಮುಂದೆಯೇ ಎಂಟು ಮೂಲೆಯ ಕಪ್ಪು ಗುರುತು. ಉಪ್ಪಿಗೆ ಇನ್ನೊಂದು. ಕೊಬ್ಬಿಗೆ ಮತ್ತೊಂದು. ನಮ್ಮಲ್ಲಿ ಈ ಚರ್ಚೆ ವರ್ಷಗಳಿಂದ ನಡೆದೇ ಇದೆ, ಸುಪ್ರೀಂ ಕೋರ್ಟ್ ತನಕವೂ ಹೋಗಿದೆ. ಚರ್ಚೆ ನಡೆಯುವಷ್ಟು ದಿನವೂ ಯಾರೋ ಒಬ್ಬರ ಅಪ್ಪ ಬೆಳಿಗ್ಗೆ ನಾಲ್ಕು ಸಂಜೆ ನಾಲ್ಕು ತಿನ್ನುತ್ತಲೇ ಇರುತ್ತಾರೆ.

ಹಟ ಹಿಡಿದರೆ ಆಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್. ವಾಂತಿ ಭೇದಿಗೆ ಕೊಡುವ ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಆದರೆ ಓಆರ್‌ಎಸ್ ಅನ್ನುವ ಅಕ್ಷರಗಳನ್ನು ಹೆಸರಲ್ಲಿ ಸೇರಿಸಿಕೊಂಡು, ಅದಕ್ಕಿಂತ ಎಷ್ಟೋ ಪಟ್ಟು ಸಕ್ಕರೆ ಇರುವ ಪಾನೀಯಗಳು ಮೆಡಿಕಲ್ ಶಾಪ್‌ಗಳಲ್ಲೇ ಮಾರಾಟವಾಗುತ್ತಿದ್ದವು. ಭೇದಿ ಆಗುತ್ತಿರುವ ಮಗುವಿಗೆ ಅಷ್ಟು ಸಕ್ಕರೆ ಕೊಟ್ಟರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಅವರು ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಯಾವುದಕ್ಕೂ ಆ ಹೆಸರು ಬಳಸುವಂತಿಲ್ಲ ಎಂದು ಎಫ್‌ಎಸ್‌ಎಸ್‌ಎಐ ಹೇಳಿತು. ಮೂರು ಅಕ್ಷರಕ್ಕಾಗಿ ಅಷ್ಟು ಹೋರಾಟ. ಎಷ್ಟು ಮಕ್ಕಳ ಪ್ರಾಣದ ವಿಷಯ ಅದು!

ಅಮ್ಮನಿಗೆ ನಾನು ಒಂದು ಚೀಟಿ ಬರೆದುಕೊಟ್ಟೆ. ಎಡಗಡೆ ಇಂಗ್ಲಿಷ್ ಪದ ಪ್ಯಾಕೆಟ್‌ನಲ್ಲಿ ಕಾಣುವ ಹಾಗೆಯೇ, ಬಲಗಡೆ ಕನ್ನಡದಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ, ಸೋಡಿಯಂ. ಐದಾರು ಪದ ಅಷ್ಟೇ. ಅಂಕಿಗಳು ಹೇಗೂ ಅವರಿಗೆ ಬರುತ್ತವೆ. ಆ ಚೀಟಿಯನ್ನು ಅವರು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ.

ಮೊನ್ನೆ ಅಂಗಡಿಯಿಂದಲೇ ಫೋನ್ ಮಾಡಿದ್ದರು. "ಇದರಲ್ಲಿ ರಾಗಿ ಎರಡನೇದು ಕಣೇ, ಆದ್ರೆ ಸಕ್ಕರೆ ಮೂರನೇದು. ತಗೊಳ್ಳೋದಾ ಬೇಡ್ವಾ?"

100 ಗ್ರಾಂ ಸಾಲಿನಲ್ಲಿ ಸಕ್ಕರೆ ಎಷ್ಟಿದೆ ನೋಡಮ್ಮ ಅಂದೆ. ಸ್ವಲ್ಪ ಹೊತ್ತು ಪ್ಯಾಕೆಟ್ ಸರಸರ ಅನ್ನುವ ಸದ್ದು ಕೇಳಿಸಿತು. "ಇಪ್ಪತ್ತೆರಡು" ಅಂದರು. ಆಮೇಲೆ ಅವರೇ, "ಬೇಡ ಬಿಡು, ಮನೇಲಿ ಹುರಿಗಡಲೆ ಇದೆ" ಅಂತ ಫೋನ್ ಇಟ್ಟರು.