ವಿಜಯಪುರದ ಛಾಪಖಾನೆಯನ್ನು ಮರೆಯಬೇಡಿ

ನಿನ್ನೆ ಇಲ್ಲಿಯ ಪ್ರೌಢಶಾಲೆಯೊಂದರ ಭಾಷಣ ಸ್ಪರ್ಧೆಗೆ ನಿರ್ಣಾಯಕನಾಗಿ ಹೋಗಿದ್ದೆ. ಸ್ವಾತಂತ್ರ್ಯ ಚಳವಳಿಯಲ್ಲಿ ಪತ್ರಿಕೆಗಳ ಪಾತ್ರ ಎಂಬುದು ವಿಷಯ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪುಣೆಯ ‘ಕೇಸರಿ’ಯ ಬಗ್ಗೆ ಚೆನ್ನಾಗಿಯೇ ಮಾತನಾಡಿ, ಕೊನೆಗೆ ‘ನಮ್ಮ ಜಿಲ್ಲೆಯಲ್ಲಿ ಆಗ ಪತ್ರಿಕೆಯೇ ಇರಲಿಲ್ಲ’ ಎಂದ. ಸಭೆ ಚಪ್ಪಾಳೆ ತಟ್ಟಿತು, ಶಿಕ್ಷಕರೂ ತಟ್ಟಿದರು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಬರೆದುಕೊಟ್ಟ ಹಿರಿಯರ ಮೇಲಿದೆ.

1881ರಲ್ಲಿ ಹುಟ್ಟಿದ ‘ಕೇಸರಿ’ಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಲೇಖನಗಳಿಗಾಗಿಯೇ 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ನಾವು ಮುಂಬೈ ಪ್ರಾಂತದಲ್ಲಿದ್ದವರು. ಮರಾಠಿ ಬಲ್ಲ ನಮ್ಮ ಹಿರಿಯರು ಅದನ್ನು ಓದಿ ರಾಜಕಾರಣ ಕಲಿತರು. ಆದರೆ ಪರಕೀಯರ ಆಳ್ವಿಕೆಯ ವಿರುದ್ಧ ಜನರನ್ನು ಎಬ್ಬಿಸುವುದು ಒಂದು ಕೆಲಸವಾದರೆ, ಮರಾಠಿಯಲ್ಲಿ ಓದಿ ಬರೆಯುತ್ತಿದ್ದವನಿಗೆ ‘ನಿನ್ನ ನುಡಿಯಲ್ಲೂ ಇಂಥ ಆಸ್ತಿಯಿದೆ’ ಎಂದು ತೋರಿಸುವುದು ಇನ್ನೊಂದು ಕೆಲಸ. ಆ ಎರಡನೆಯ ಕೆಲಸಕ್ಕೆ ಇದೇ ಊರಿನಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಧಾರವಾಡದಿಂದ ‘ಜಯಕರ್ನಾಟಕ’ ನಡೆಸಿದರು. ಇದೇ ಊರಿನಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಯನ್ನೇ ಮಾರಿ ಛಾಪಖಾನೆ ಹಾಕಿದರು.

ಅವರು ವಚನಗಳನ್ನು ಸಂಗ್ರಹಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಹೀಗೆ ಊರೂರು ಅಲೆದರೆ ಕೆಲಸ ಸಾಗದೆಂದು 1925ರಲ್ಲಿ ಇಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯ ಆರಂಭಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ವಾರಪತ್ರಿಕೆ ‘ನವಕರ್ನಾಟಕ’. ಮಠಗಳ ಜಗುಲಿಯ ಮೇಲೆ, ಮನೆಗಳ ಅಟ್ಟದ ಮೇಲೆ ಗಂಟು ಕಟ್ಟಿಟ್ಟಿದ್ದ ತಾಡೋಲೆಗಳಲ್ಲಿ ಒಂದೊಂದು ಮನೆತನದ ಸ್ವತ್ತಾಗಿ ಉಳಿದಿದ್ದ ವಚನಗಳು ಅಂಚೆಯಲ್ಲಿ ಊರೂರಿಗೆ ಹೋಗತೊಡಗಿದ್ದು ಆಗ. ಇಂದು ಬಸವಣ್ಣನ ಮಾತಿಲ್ಲದೆ ನಮ್ಮಲ್ಲಿ ಯಾವ ಸಭೆಯೂ ಮುಗಿಯುವುದಿಲ್ಲ. ಅದು ಎಂಟುನೂರು ವರ್ಷಗಳಿಂದಲೂ ಹಾಗೆಯೇ ಇತ್ತೆಂದು ಮಕ್ಕಳು ತಿಳಿಯುತ್ತಾರೆ. ಅಚ್ಚಿನ ಮೊಳೆ ಅದನ್ನು ಎಲ್ಲರ ಬಾಯಿಗೆ ತಂದಿತೆಂದು ಹೇಳುವವರಿಲ್ಲ.

ಓದು ಬಲ್ಲವರೇ ಬೆರಳೆಣಿಕೆಯಷ್ಟಿದ್ದಾಗ ಪತ್ರಿಕೆ ಯಾರ ಅಭಿಪ್ರಾಯವನ್ನು ರೂಪಿಸೀತು ಎಂದು ಸ್ಪರ್ಧೆ ಮುಗಿದ ಮೇಲೆ ಒಬ್ಬ ಶಿಕ್ಷಕರು ಕೇಳಿದರು. ಈ ವಾದ ನನಗೆ ಹಿಡಿಸುವುದಿಲ್ಲ. ನಮ್ಮ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಒಬ್ಬರು ಓದಿದ್ದನ್ನು ಕೇಳಿಬಂದು, ರಾತ್ರಿ ಊಟಕ್ಕೆ ಕುಳಿತಾಗ ಸಾಲು ಬಿಡದೆ ಹೇಳುತ್ತಿದ್ದರೆಂದು ಅಪ್ಪ ನೆನೆಯುತ್ತಿದ್ದರು. ಒಂದು ಪ್ರತಿಗೆ ಒಬ್ಬನೇ ಓದುಗ ಎಂಬ ಲೆಕ್ಕ ಆ ಕಾಲಕ್ಕೆ ಹೊಂದುವುದಿಲ್ಲ.

ಅಪ್ಪ ಛಾಪಖಾನೆಯೊಂದರಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದರು. ಕನ್ನಡದ ಒತ್ತಕ್ಷರ ಜೋಡಿಸುವ ಕಷ್ಟ ಅವರ ಬೆರಳಿಗೆ ಗೊತ್ತಿತ್ತು. ಸಾಲನ್ನು ತಲೆಕೆಳಗಾಗಿಯೇ ಓದಿ ತಪ್ಪು ಹಿಡಿಯುತ್ತಿದ್ದರು, ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ಮಸಿ ಹೋಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯಲ್ಲಿದ್ದ ಎರಡು ಪೆಟ್ಟಿಗೆ ಮೊಳೆಗಳನ್ನು ನಾನು ಸೀಸದ ತೂಕಕ್ಕೆ ಮಾರಿದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಿನ್ನೆ ಚಪ್ಪಾಳೆ ಕೇಳಿದಾಗ ಮೊದಲು ನೆನಪಾದದ್ದು ಆ ತಕ್ಕಡಿ. ಹಾಗಾಗಿ ಶಿಕ್ಷಕರನ್ನಷ್ಟೇ ದೂರಲು ನನಗೆ ಬಾಯಿಲ್ಲ.

ನಿರ್ಣಯ ಹೇಳುವಾಗ ಇದರಲ್ಲಿ ಅರ್ಧವನ್ನಾದರೂ ಹೇಳಿದೆ. ಹೊರಗೆ ಬಂದಾಗ ಆ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಎದ್ದು ನಿಂತು, “ಸರ, ಆ ಶಿವಾನುಭವ ಈಗ ನೋಡಾಕ ಸಿಗತೈತೇನ್ರೀ?” ಎಂದು ಕೇಳಿದ. ಅಪ್ಪ ರಟ್ಟು ಹಾಕಿಸಿ ಇಟ್ಟಿದ್ದ ಒಂದು ಸಂಪುಟ ನನ್ನಲ್ಲಿದೆ, ಅಂಚು ಹುಡಿಯಾಗಿದೆ. ಭಾನುವಾರ ಮನೆಗೆ ಬರಲು ಹೇಳಿದ್ದೇನೆ.