ಗಾಸಿಂನ ಹೆಸರನ್ನೂ ಒಮ್ಮೆ ಹೇಳಿ

1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದ ಮಾತು ಬಂದಾಗಲೆಲ್ಲ ನಮ್ಮವರು ದಿಲೀಪ್ ಕುಮಾರ್ ಒಪ್ಪದೆ ಬಿಟ್ಟ ಪಾತ್ರದ ಕಥೆ ತೆಗೆಯುತ್ತಾರೆ. ಆ ಚಿತ್ರದಲ್ಲಿ ನಿಜವಾಗಿ ನಟಿಸಿದ ಭಾರತೀಯನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಐ. ಎಸ್. ಜೋಹರ್. ಹಿಂದಿ ಚಿತ್ರಗಳಲ್ಲಿ ನಗಿಸುತ್ತಿದ್ದ ಅದೇ ಜೋಹರ್ ಇಲ್ಲಿ ಗಾಸಿಂ. ಮೂರೂವರೆ ಗಂಟೆ ಮೀರಿದ ಈ ಚಿತ್ರ ನಿಂತಿರುವುದೇ ಅವನ ಮೇಲೆ ಎಂದು ನಾನು ನಂಬಿದ್ದೇನೆ.

ಮೊದಲ ಮಹಾಯುದ್ಧದ ಕಾಲ. ತುರ್ಕರ ವಶದಲ್ಲಿರುವ ಬಂದರು ಅಕಾಬಾದ ಫಿರಂಗಿಗಳೆಲ್ಲ ಸಮುದ್ರದತ್ತ ಮುಖ ಮಾಡಿವೆ. ಆದ್ದರಿಂದ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಐವತ್ತು ಅರಬ್ಬರೊಂದಿಗೆ ನೆಫೂದ್ ಮರುಭೂಮಿ ದಾಟಿ ಹಿಂದಿನಿಂದ ನುಗ್ಗಲು ಹೊರಡುತ್ತಾನೆ. ರಾತ್ರಿ ನಿದ್ದೆಗಣ್ಣಿನಲ್ಲಿ ಗಾಸಿಂ ಒಂಟೆಯಿಂದ ಜಾರಿ ಬೀಳುತ್ತಾನೆ. ಬೆಳಗಾದಾಗ ಬರಿಬೆನ್ನಿನ ಒಂಟೆಯಷ್ಟೇ ಕಾಣುತ್ತದೆ. ಅವನ ಹಣೆಯಲ್ಲಿ ಬರೆದದ್ದೇ ಅಷ್ಟು, ಮರಳಿ ಹೋದರೆ ನೀನೂ ಸಾಯುತ್ತೀಯ ಎನ್ನುತ್ತಾನೆ ಜೊತೆಗಿದ್ದ ಅರಬ್ ಮುಖಂಡ ಅಲಿ. ಲಾರೆನ್ಸ್ ಕೇಳುವುದಿಲ್ಲ. ಅತ್ತ ಗಾಸಿಂ ಒಬ್ಬನೇ ನಡೆಯುತ್ತಿದ್ದಾನೆ. ಬಿಸಿಲೇರಿದಂತೆ ಮೈಮೇಲಿನ ಭಾರವನ್ನು ಒಂದೊಂದಾಗಿ ಕಳಚಿ ಮರಳಿಗೆ ಹಾಕುತ್ತಾನೆ. ಮಾತಿಲ್ಲ. ಬಾಯಾರಿದವನ ನಡಿಗೆಯನ್ನು ಇದಕ್ಕಿಂತ ಸತ್ಯವಾಗಿ ಅಭಿನಯಿಸಿದ್ದನ್ನು ನಾನು ಕಂಡಿಲ್ಲ.

ಲಾರೆನ್ಸ್ ಅವನನ್ನು ಹೊತ್ತು ತರುತ್ತಾನೆ. ಹಣೆಬರಹವೆಂಬುದೇ ಇಲ್ಲ ಎಂದು ತೋರಿಸಿದ ಹೆಮ್ಮೆ ಅವನದು. ಆದರೆ ಅಕಾಬಾ ಇನ್ನೇನು ಕೈಗೆ ಬರಬೇಕು ಎನ್ನುವ ರಾತ್ರಿ, ಬೀಡಿನಲ್ಲಿ ಒಂದು ಕೊಲೆಯಾಗುತ್ತದೆ. ಯಾವ ಬುಡಕಟ್ಟಿನವರು ಕೊಂದವನನ್ನು ಶಿಕ್ಷಿಸಿದರೂ ಎರಡೂ ಕಡೆಯವರು ಹೊಡೆದಾಡಿಕೊಳ್ಳುತ್ತಾರೆ. ನಾನು ಯಾರ ಕಡೆಯವನೂ ಅಲ್ಲ, ನಾನೇ ಕೊಲ್ಲುತ್ತೇನೆ ಎಂದು ಲಾರೆನ್ಸ್ ಪಿಸ್ತೂಲು ಹಿಡಿಯುತ್ತಾನೆ. ಅಪರಾಧಿ ತಲೆಯೆತ್ತುತ್ತಾನೆ. ಗಾಸಿಂ!

ಲಾರೆನ್ಸ್ ಬರೆದ ಪುಸ್ತಕದಲ್ಲಿ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಅವನು ಉಳಿಸಿದ್ದು ಗಾಸಿಂನನ್ನು, ಕೊಂದದ್ದು ಹಮೀದ್ ಎಂಬವನನ್ನು. ಇಬ್ಬರನ್ನೂ ಒಬ್ಬನಾಗಿಸಿದ್ದು ಚಿತ್ರ. ಇತಿಹಾಸಕ್ಕೆ ಇದು ಅಪಚಾರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಬೆಸುಗೆ ಇಲ್ಲದಿದ್ದರೆ ಉಳಿಯುತ್ತಿದ್ದದ್ದು ಬರೀ ಬಿಳಿಯ ವೀರನೊಬ್ಬನ ಸಾಹಸಗಾಥೆ. ಬ್ರಿಟಿಷ್ ನಟ ಅಲೆಕ್ ಗಿನ್ನೆಸ್‌ಗೆ ಬಣ್ಣ ಬಳಿದು ಅರಬ್ ರಾಜಕುಮಾರ ಫೈಸಲ್‌ನನ್ನಾಗಿ ಮಾಡಿದ್ದು ನನಗೆ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ.

ಫ್ರೆಡ್ಡಿ ಯಂಗ್ ಛಾಯಾಗ್ರಹಣದ ಈ 70 ಎಂಎಂ ಚಿತ್ರವನ್ನು ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ಲಾರೆನ್ಸ್‌ಗಾಗಿ ಕಾಯುತ್ತಿರುವ ಹುಡುಗ ದಾವೂದ್‌ನ ಕಣ್ಣಿಗೆ ದಿಗಂತದಲ್ಲಿ ಮೊದಲು ಕಾಣುವುದು ಒಂದು ಚುಕ್ಕೆ. ಅಂಗೈಯಗಲದ ಪರದೆಯಲ್ಲಿ ಆ ಚುಕ್ಕೆಯೇ ಇರುವುದಿಲ್ಲ.

ಗಾಸಿಂನತ್ತ ಆರು ಗುಂಡು ಹಾರಿಸಿದ ಮೇಲೆ ಲಾರೆನ್ಸ್ ಪಿಸ್ತೂಲನ್ನು ಎಸೆಯುತ್ತಾನೆ. ಅವನಿಗೇನಾಯಿತು ಎಂದು ಬುಡಕಟ್ಟಿನ ನಾಯಕ ಔದಾ ಕೇಳುತ್ತಾನೆ. ಕೊಂದದ್ದು ತಾನೇ ಉಳಿಸಿ ತಂದವನನ್ನು ಎನ್ನುತ್ತಾನೆ ಅಲಿ. ಹಾಗಾದರೆ ಅದು ಬರೆದೇ ಇತ್ತು, ಅಲ್ಲೇ ಬಿಟ್ಟು ಬರಬಹುದಿತ್ತು ಎನ್ನುತ್ತಾನೆ ಔದಾ.